ಸಿರೋಸಿಸ್ ಇದ್ದೋರಿಗೆ ಅನ್ನನಾಳದ ವೇರಿಸಸ್: ಪೈಪ್ ಹಾಕ್ಸೋಕೆ ಮುಂಚೆ ಯಾವ ಟೆಸ್ಟ್ ಯಾರಿಗೆ?

ಲಿವರ್ ಸಿರೋಸಿಸ್, ಅಂದ್ರೆ ಲಿವರ್ ಹಾಳಾಗಿ ಗಟ್ಟಿಯಾಗೋ ಕಾಯಿಲೆ, ಅಂತ ಗೊತ್ತಾದ್ಮೇಲೆ ಡಾಕ್ಟರು ಎಂಡೋಸ್ಕೋಪಿ (ಬಾಯಿಂದ ಕ್ಯಾಮೆರಾ ಇರೋ ಪೈಪ್ ಬಿಟ್ಟು ಒಳಗೆ ನೋಡೋದು) ಮಾಡ್ಸಿ ಅಂದ ಕೂಡ್ಲೇ ನಮ್ಮ ಕಡೆ ಜನ ಕೇಳೋ ಮೊದಲ ಪ್ರಶ್ನೆ, ಬಾಯಿಗೆ ಪೈಪ್ ಬಿಡದೇ ಬೇರೆ ಯಾವ್ದಾದ್ರೂ ಟೆಸ್ಟಲ್ಲಿ ಗೊತ್ತಾಗಲ್ವಾ ಅಂತ. ನಾನು ಶಿವಮೊಗ್ಗದಲ್ಲಿ ಲ್ಯಾಬ್ ಕೆಲಸದಲ್ಲಿರೋನು, ಡಾಕ್ಟರ್ ಅಲ್ಲ, ಆದ್ರೆ ರಿಪೋರ್ಟ್ ತಗೊಳ್ಳೋಕೆ ಬಂದೋರು ಕೌಂಟರಲ್ಲೇ ನಿಂತು ಇದನ್ನ ಕೇಳ್ತಾನೇ ಇರ್ತಾರೆ. ತೀರ್ಥಹಳ್ಳಿಯಿಂದ ಬಂದಿರ್ತಾರೆ, ಹೊಸನಗರದಿಂದ ಬಂದಿರ್ತಾರೆ, ಮಧ್ಯಾಹ್ನದ ಬಸ್ ಹಿಡೀಬೇಕು ಅನ್ನೋ ಗಡಿಬಿಡಿಲಿ ಇರ್ತಾರೆ, ಅಲ್ಲಿ ನಿಂತ್ಕೊಂಡು ಎರಡು ಮಾತಲ್ಲಿ ಹೇಳೋ ವಿಷಯ ಅಲ್ಲ ಇದು. ಅದ್ಕೆ ಕೂತ್ಕೊಂಡು ಪೂರ್ತಿ ಬರೀತಿದೀನಿ.

ಮೊದ್ಲು ವೇರಿಸಸ್ ಅಂದ್ರೆ ಏನು ಅಂತ ಹೇಳ್ಬಿಡ್ತೀನಿ. ಕರುಳು, ಗುಲ್ಮ ಎಲ್ಲದರ ರಕ್ತ ಪೋರ್ಟಲ್ ವೇಯ್ನ್ ಅನ್ನೋ ದೊಡ್ಡ ನಾಳದಲ್ಲಿ ಲಿವರ್‌ಗೆ ಹೋಗತ್ತೆ. ಲಿವರ್ ಕಲ್ಲಿನ ಹಾಗೆ ಗಟ್ಟಿಯಾದ್ರೆ ಆ ರಕ್ತಕ್ಕೆ ಒಳಗೆ ಹೋಗೋಕೆ ದಾರಿ ಇಲ್ಲ, ಒತ್ತಡ ಏರತ್ತೆ, ಆಗ ಅದು ಅಡ್ಡದಾರಿ ಹಿಡಿಯತ್ತೆ, ಆ ಅಡ್ಡದಾರಿಲಿ ಮುಖ್ಯವಾದ್ದು ಅನ್ನನಾಳದ ಕೆಳಭಾಗದ ತೆಳು ರಕ್ತನಾಳಗಳು. ಅವು ಉಬ್ಬಿ ದಪ್ಪ ಆಗೋದೇ ವೇರಿಸಸ್. ಬಿಪಿ ಹಾಗೇ ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ ಹೇಳೋದಾದ್ರೆ, ಸಾಮಾನ್ಯವಾಗಿ ಈ ಒತ್ತಡ 5ರ ಒಳಗೆ ಇರತ್ತೆ, 10 ಮುಟ್ಟಿದ್ರೆ ತೊಂದರೆ ಶುರು ಅಂತ ಲೆಕ್ಕ, 12 ದಾಟಿದ್ರೆ ಒಡೆದು ರಕ್ತ ಬರೋ ಅಪಾಯ. ಉಬ್ಬಿರೋದಕ್ಕೆ ನೋವಿಲ್ಲ, ಉರಿ ಇಲ್ಲ, ಏನೂ ಗೊತ್ತಾಗಲ್ಲ. ಒಡೆದ ದಿನವೇ ಗೊತ್ತಾಗೋದು, ರಕ್ತ ಕಾರ್ಕೊಂಡಾಗ. ಆಸ್ಪತ್ರೆಗೆ ಸೇರಿಸಿದ್ರೂ ಹಾಗೆ ರಕ್ತ ಹೋದೋರಲ್ಲಿ ನೂರಕ್ಕೆ 15-20 ಜನ ಆರು ವಾರದೊಳಗೆ ಉಳಿಯಲ್ಲ. ಜುಲೈ ತಿಂಗಳ ರಾತ್ರಿ, ಕರೆಂಟಿಲ್ಲದ, ನೆಟ್‌ವರ್ಕ್ ಇಲ್ಲದ ನಮ್ಮ ಕಡೆ ಒಂಟಿ ಮನೆಯಲ್ಲಿ ಇದು ಆದ್ರೆ ಏನು ಗತಿ ಅಂತ ನೀವೇ ಯೋಚ್ನೆ ಮಾಡಿ. ಪೈಪಿನ ಹೆದರಿಕೆಗೆ ಏನೂ ಮಾಡಿಸ್ದೇ ಕೂರೋದು ಬೇಡ ಅಂತ ನಾನು ಪದೇ ಪದೇ ಹೇಳೋದು ಇದಕ್ಕೇ.

ಹಾಗಂತ ಸಿರೋಸಿಸ್ ಇರೋ ಎಲ್ಲರಿಗೂ ವೇರಿಸಸ್ ಇರಲ್ಲ. ಒಟ್ಟು ಸುಮಾರು ಅರ್ಧ ಜನಕ್ಕೆ ಇರತ್ತೆ, ಶುರುವಿನ ಹಂತದಲ್ಲಿ ಇರೋರಲ್ಲಿ ಇನ್ನೂ ಕಮ್ಮಿ, ಅವ್ರಲ್ಲೂ ಅಪಾಯದ ದಪ್ಪ ನಾಳಗಳು ಇನ್ನೂ ಕಮ್ಮಿ ಜನಕ್ಕೆ. ಎಲ್ಲರಿಗೂ ಎಂಡೋಸ್ಕೋಪಿ ಮಾಡಿದ್ರೆ ಬಹಳ ಜನಕ್ಕೆ ಏನೂ ಸಿಗಲ್ಲ. ಈ ಪೈಪಿಲ್ಲದ ಟೆಸ್ಟುಗಳು ಬಂದಿರೋದು ಅಂಥೋರನ್ನ ಮೊದಲೇ ಬೇರೆ ಮಾಡೋಕೆ. ಇದೊಂದು ಸರಿಯಾಗಿ ತಲೇಲಿ ಇಟ್ಕೊಳ್ಳಿ: ಇವು ಯಾವ್ದೂ ವೇರಿಸಸ್‌ನ ಕಣ್ಣಾರೆ ನೋಡಲ್ಲ. ಇಂಥೋರಿಗೆ ದೊಡ್ಡ ವೇರಿಸಸ್ ಇರೋ ಸಾಧ್ಯತೆ ಎಷ್ಟು ಕಮ್ಮಿ ಅಂದ್ರೆ ಸದ್ಯಕ್ಕೆ ಎಂಡೋಸ್ಕೋಪಿ ಬಿಡಬಹುದು, ಅಂತ ಹೇಳೋದೇ ಇವುಗಳ ಕೆಲಸ. ಇದೆ ಅಂತ ಖಾತ್ರಿ ಮಾಡೋಕೆ ಅಲ್ಲ.

ಈ ಟೆಸ್ಟುಗಳ ಲೆಕ್ಕ ಯಾರಿಗೆ ಬೇಡ್ವೇ ಬೇಡ

ಹೊಟ್ಟೆಲಿ ನೀರು ತುಂಬಿದೆ, ಒಂದ್ಸಲ ರಕ್ತ ಕಾರಿದಾರೆ, ಮಲ ಟಾರಿನ ಹಾಗೆ ಕಪ್ಪಗೆ ಹೋಗಿದೆ, ಲಿವರ್‌ನಿಂದಲೇ ಮಂಪರು ಬಂದು ಮಾತು ತೊದಲಿದೆ, ಇದ್ರಲ್ಲಿ ಒಂದಾದ್ರೂ ಆಗಿದ್ರೆ ಮುಂದೆ ನಾನು ಬರೆಯೋ ನಂಬರ್‌ಗಳನ್ನ ಹಿಡ್ಕೊಂಡು ಲೆಕ್ಕ ಹಾಕ್ತಾ ಕೂರ್ಬೇಡಿ, ಅವರಿಗೆ ಎಂಡೋಸ್ಕೋಪಿನೇ. ರಕ್ತ ಹೋಗ್ತಿದ್ರೆ ಅದೇ ಗಳಿಗೆಲಿ 108 ಅಥವಾ ಸಿಕ್ಕಿದ ಗಾಡಿ, ಹತ್ತಿರದ ದೊಡ್ಡಾಸ್ಪತ್ರೆ, ಅಷ್ಟೇ. ಈ ಟೆಸ್ಟುಗಳ ಕಟ್ಟಳೆ ಎಲ್ಲ ಮಾಡಿರೋದು ಲಿವರ್ ಗಟ್ಟಿಯಾಗಿದ್ರೂ ಇನ್ನೂ ತೂಗಿಸ್ಕೊಂಡು ಹೋಗ್ತಿರೋರಿಗೆ, ಅಂದ್ರೆ ಮೇಲೆ ಹೇಳಿದ ಯಾವ್ದೂ ಆಗಿಲ್ದೇ ಇರೋರಿಗೆ.

ಇನ್ನೊಂದು ಗುಂಪಿದೆ, ಇದನ್ನ ಬಹಳ ಜನ ಮರೀತಾರೆ. ನಮ್ಮ ದೇಶದಲ್ಲಿ ಸಿರೋಸಿಸ್ ಇಲ್ಲದೆಯೂ ಪೋರ್ಟಲ್ ಒತ್ತಡ ಏರೋ ಕಾಯಿಲೆಗಳಿವೆ, ಪೋರ್ಟಲ್ ವೇಯ್ನಲ್ಲೇ ರಕ್ತ ಹೆಪ್ಪುಗಟ್ಟಿ ಮುಚ್ಚಿಹೋಗೋದು, ಇಲ್ಲಾ ಲಿವರ್ ಒಳಗಿನ ಸಣ್ಣ ಪೋರ್ಟಲ್ ಕವಲುಗಳು ಹಾಳಾಗೋದು. ಇವ್ರಿಗೆ ಲಿವರ್ ಮೆತ್ತಗೇ ಇರತ್ತೆ, ಫೈಬ್ರೋಸ್ಕ್ಯಾನ್ (ಲಿವರ್ ಎಷ್ಟು ಗಟ್ಟಿ ಅಂತ ಹೊರಗಿಂದಲೇ ಅಳೆಯೋ ಮೆಷಿನ್) ನಂಬರ್ ಚೆನ್ನಾಗೇ ಬರತ್ತೆ, ಆದ್ರೆ ಅನ್ನನಾಳದಲ್ಲಿ ದಪ್ಪ ದಪ್ಪ ವೇರಿಸಸ್ ಇರತ್ತೆ. ವಯಸ್ಸು ಚಿಕ್ಕದು, ಗುಲ್ಮ ತುಂಬಾ ದೊಡ್ಡದು, ಲಿವರ್ ಟೆಸ್ಟೆಲ್ಲ ಹೆಚ್ಚುಕಮ್ಮಿ ನಾರ್ಮಲ್ ಅಂತಿದ್ರೆ ಸ್ಕ್ಯಾನಿಂಗಲ್ಲಿ ರಕ್ತದ ಹರಿವು ತೋರಿಸೋ ಡಾಪ್ಲರ್ ಹಾಕಿ ಪೋರ್ಟಲ್ ವೇಯ್ನ್ ನೋಡಿದಾರಾ ಅಂತ ಕೇಳಿ.

ಪ್ಲೇಟ್‌ಲೆಟ್: ಎಲ್ಲಕ್ಕಿಂತ ಸೋವಿ, ಹಾಗೇ ಮೋಸ ಹೋಗೋದೂ ಇದ್ರಲ್ಲೇ

ಒತ್ತಡ ಏರಿದಾಗ ಗುಲ್ಮ ದೊಡ್ಡದಾಗಿ ಪ್ಲೇಟ್‌ಲೆಟ್‌ಗಳನ್ನ ತನ್ನೊಳಗೆ ಹಿಡಿದಿಟ್ಕೊಳ್ಳತ್ತೆ, ಜೊತೆಗೆ ಅದನ್ನ ತಯಾರು ಮಾಡು ಅಂತ ಹೇಳೋ ಹಾರ್ಮೋನು ಲಿವರಲ್ಲೇ ಆಗೋದ್ರಿಂದ ಅದೂ ಕಮ್ಮಿ ಆಗತ್ತೆ. ಹಾಗಾಗಿ ಒಂದು ಸಾಮಾನ್ಯ ಸಿಬಿಸಿಲಿ (ರಕ್ತಕಣಗಳನ್ನ ಎಣಿಸೋ ಟೆಸ್ಟ್) ಪ್ಲೇಟ್‌ಲೆಟ್ ಒಂದೂವರೆ ಲಕ್ಷದ ಕೆಳಗೆ ಇಳಿದಿದ್ರೆ ಅದು ಒಂದು ಸುಳಿವು. ಸುಳಿವು ಅಷ್ಟೇ, ಇದೊಂದನ್ನೇ ನೋಡಿ ಯಾವ ತೀರ್ಮಾನವೂ ಬೇಡ.

ಯಾಕಂದ್ರೆ ಮಲೆನಾಡಲ್ಲಿ ಪ್ಲೇಟ್‌ಲೆಟ್ ಇಳಿಯೋಕೆ ಬೇರೆ ಕಾರಣಗಳು ಬೇಕಾದಷ್ಟಿವೆ. ಮಳೆಗಾಲದಲ್ಲಿ ಡೆಂಗ್ಯೂ, ಚಳಿ ಮುಗಿಯೋ ಹೊತ್ತಿಗೆ ಮಂಗನ ಕಾಯಿಲೆ, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಪತ್ತೆಯಾದ ಅದೇ ಕಾಯಿಲೆ, ಎರಡರಲ್ಲೂ ಪ್ಲೇಟ್‌ಲೆಟ್ ದಬದಬ ಇಳಿಯತ್ತೆ. ಜ್ವರ ಬಂದಾಗಿನ ರಿಪೋರ್ಟ್ ಹಿಡ್ಕೊಂಡು ವೇರಿಸಸ್ ಲೆಕ್ಕ ಹಾಕಿದ್ರೆ ಅದು ಸುಳ್ಳು ಲೆಕ್ಕ. ಜ್ವರ ಪೂರ್ತಿ ಬಿಟ್ಟು ಕೆಲವು ವಾರ ಆದ್ಮೇಲೆ ಇನ್ನೊಂದ್ಸಲ ಮಾಡ್ಸಿ, ಹಳೇ ರಿಪೋರ್ಟುಗಳ ಪಕ್ಕ ಇಟ್ಟು ನೋಡಿ. ವರ್ಷ ವರ್ಷ ನಿಧಾನಕ್ಕೆ ಇಳೀತಾ ಬಂದಿರೋ ಪ್ಲೇಟ್‌ಲೆಟ್ಟೇ ಬೇರೆ, ಒಂದು ವಾರದಲ್ಲಿ ಇಳಿದು ಮತ್ತೆ ಏರಿದ್ದೇ ಬೇರೆ.

ಇನ್ನೊಂದು, ಇದು ನನ್ನ ಕೆಲಸದ ವಿಷಯ, ಅದ್ಕೆ ಸ್ವಲ್ಪ ಹೆಚ್ಚೇ ಹೇಳ್ತೀನಿ. ನೇರಳೆ ಮುಚ್ಚಳದ ಟ್ಯೂಬಲ್ಲಿ ರಕ್ತ ತೆಗೀತೀವಲ್ಲ, ಅದರಲ್ಲಿರೋ, ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ಇಡಿಟಿಎ ಕೆಲವರ ರಕ್ತಕ್ಕೆ ಆಗಲ್ಲ, ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟ್ಕೊಂಡು ಗುಂಪಾಗ್ಬಿಡ್ತವೆ. ಮೆಷಿನ್‌ಗೆ ಆ ಗುಂಪು ಪ್ಲೇಟ್‌ಲೆಟ್ ಅಂತ ಗೊತ್ತಾಗಲ್ಲ, ಎಣಿಸೋದೇ ಇಲ್ಲ. ಆಗ ಎರಡು ಲಕ್ಷ ಇರೋರ ರಿಪೋರ್ಟಲ್ಲೂ ಎಪ್ಪತ್ತು ಸಾವಿರ ಅಂತ ಬರಬಹುದು. ಗಾಜಿನ ಸ್ಲೈಡ್ ಮೇಲೆ ಒಂದು ಹನಿ ಎಳೆದು ಬಣ್ಣ ಹಾಕಿ ಮೈಕ್ರೋಸ್ಕೋಪಲ್ಲಿ ಅಂಚಿನ ಕಡೆ ನೋಡಿದ್ರೆ ಗುಂಪು ಗುಂಪಾಗಿ ನೇರಳೆ ಚುಕ್ಕಿಗಳು ಕಾಣ್ತವೆ. ಆಗ ತಿಳಿನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಲ್ಲಿ ಇನ್ನೊಂದ್ಸಲ ರಕ್ತ ತಗೊಂಡು ಎಣಿಸ್ತೀವಿ, ಆ ಟ್ಯೂಬಲ್ಲಿರೋ ದ್ರವದಿಂದ ಸ್ವಲ್ಪ ತೆಳುವಾಗೋದಕ್ಕೆ ಬಂದ ಸಂಖ್ಯೆನ 1.1ರಿಂದ ಗುಣಿಸ್ತೀವಿ. ನಿಮ್ಮ ರಿಪೋರ್ಟ್ ಇದ್ದಕ್ಕಿದ್ದಂಗೆ ವಿಚಿತ್ರವಾಗಿ ಕಮ್ಮಿ ಬಂದಿದ್ರೆ ಸ್ಮಿಯರ್ (ಆ ಗಾಜಿನ ಸ್ಲೈಡ್) ನೋಡಿದೀರಾ ಅಂತ ಕೇಳೋದಕ್ಕೆ ಸಂಕೋಚ ಬೇಡ, ಅದು ನಿಮ್ಮ ಹಕ್ಕು.

ಸ್ಕ್ಯಾನಿಂಗ್ ಮತ್ತೆ ಗುಲ್ಮದ ಲೆಕ್ಕ

ಸಿರೋಸಿಸ್ ಇರೋರು ಲಿವರ್ ಕ್ಯಾನ್ಸರ್ ಬೇಗ ಪತ್ತೆ ಆಗ್ಲಿ ಅಂತ ಹೆಂಗೂ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಮಾಡಿಸ್ಬೇಕು. ಅದೇ ಸ್ಕ್ಯಾನಿಂಗಲ್ಲಿ ಗುಲ್ಮದ ಉದ್ದ, ಪೋರ್ಟಲ್ ವೇಯ್ನ್ ಎಷ್ಟು ಅಗಲ ಅನ್ನೋದೂ ಬರೆದಿರ್ತಾರೆ, ಹೆಚ್ಚಿನ ಖರ್ಚಿಲ್ಲ. ಪೋರ್ಟಲ್ ವೇಯ್ನ್ 13 ಮಿಲಿಮೀಟರ್ ದಾಟಿದ್ರೆ, ಅಕ್ಕಪಕ್ಕ ಹೊಸ ಅಡ್ಡನಾಳಗಳು ಕಂಡ್ರೆ ಒತ್ತಡ ಏರಿದೆ ಅಂತ ಅರ್ಥ. ಆದ್ರೆ ಅಗಲ ನಾರ್ಮಲ್ ಇದೆ ಅಂದ್ರೆ ಒತ್ತಡ ಇಲ್ಲ ಅಂತ ಅರ್ಥ ಅಲ್ಲ.

2003ರಲ್ಲಿ ಇಟಲಿಯವರು ಒಂದು ಸುಲಭದ ಲೆಕ್ಕ ಕೊಟ್ರು, ಪ್ಲೇಟ್‌ಲೆಟ್ ಸಂಖ್ಯೆನ ಗುಲ್ಮದ ಉದ್ದದಿಂದ ಭಾಗಿಸೋದು. ಉದ್ದ ಮಿಲಿಮೀಟರ್‌ನಲ್ಲಿ ಇರ್ಬೇಕು, ನಮ್ಮ ಕಡೆ ರಿಪೋರ್ಟಲ್ಲಿ ಸೆಂಟಿಮೀಟರ್ ಬರೆದಿರ್ತಾರೆ, ಹತ್ತರಿಂದ ಗುಣಿಸ್ಕೊಳ್ಳಿ. ಬಂದ ಸಂಖ್ಯೆ 909ಕ್ಕಿಂತ ಜಾಸ್ತಿ ಇದ್ರೆ ವೇರಿಸಸ್ ಇರೋ ಸಾಧ್ಯತೆ ಕಮ್ಮಿ. ಉದಾಹರಣೆಗೆ ಪ್ಲೇಟ್‌ಲೆಟ್ 82,000, ಗುಲ್ಮ 15.2 ಸೆಂಟಿಮೀಟರ್, ಅಂದ್ರೆ 82,000ನ 152ರಿಂದ ಭಾಗಿಸಿದ್ರೆ 539, ಈ ಲೆಕ್ಕದ ಪ್ರಕಾರ ಇವ್ರು ಎಂಡೋಸ್ಕೋಪಿ ಮುಂದೂಡೋ ಹಾಗಿಲ್ಲ. ಖರ್ಚಿಲ್ಲದ ಲೆಕ್ಕ, ಫೈಬ್ರೋಸ್ಕ್ಯಾನ್ ಸಿಗದ ಊರಲ್ಲಿ ಉಪಯೋಗಕ್ಕೆ ಬರತ್ತೆ. ಆದ್ರೆ ಆಮೇಲೆ ಬೇರೆ ಬೇರೆ ಕಡೆ ಪರೀಕ್ಷೆ ಮಾಡಿದಾಗ ಮೊದಲಿನಷ್ಟು ಚೆನ್ನಾಗಿ ನಿಲ್ಲಲಿಲ್ಲ, ಗುಲ್ಮ ಅಳೆಯೋರ ಕೈ ಮೇಲೂ ಹೋಗತ್ತೆ, ಹಾಗಾಗಿ ಇದೊಂದನ್ನೇ ನಂಬಿ ಎಂಡೋಸ್ಕೋಪಿ ಬಿಡೋದು ನನಗೆ ಒಪ್ಪಿಗೆ ಇಲ್ಲ. ಯಾರಿಗೆ ಮೊದಲು ಕಳಿಸ್ಬೇಕು ಅಂತ ಆರಿಸೋಕೆ ಇಟ್ಕೊಳ್ಳಬಹುದು.

ಎಪ್ರಿ, ಫಿಬ್-4 ಅಂತ ರಕ್ತದ ಸ್ಕೋರುಗಳಿವೆ, ಎಸ್‌ಜಿಒಟಿ (ಲಿವರ್ ಟೆಸ್ಟಲ್ಲಿ ಬರೋ ಒಂದು ಎಂಜೈಮ್), ಪ್ಲೇಟ್‌ಲೆಟ್, ವಯಸ್ಸು ಇಂಥದ್ದನ್ನ ಹಾಕಿದ್ರೆ ಮೊಬೈಲಲ್ಲೇ ಉತ್ತರ ಬರತ್ತೆ. ಇವು ಲಿವರ್ ಗಟ್ಟಿಯಾಗಿದೆಯೋ ಇಲ್ವೋ ಅಂತ ಅಂದಾಜು ಮಾಡೋಕೆ ಹುಟ್ಟಿದ್ದು. ವೇರಿಸಸ್ ವಿಷಯದಲ್ಲಿ ಇವುಗಳ ಮಾತು ಕೇಳ್ಬೇಡಿ.

ಫೈಬ್ರೋಸ್ಕ್ಯಾನ್ ಜೊತೆ ಪ್ಲೇಟ್‌ಲೆಟ್: ಇದೇ ಮುಖ್ಯವಾದ್ದು

ಮಂಚದ ಮೇಲೆ ಅಂಗಾತ ಮಲಗಿ ಬಲಗೈ ತಲೆ ಹಿಂದೆ ಇಟ್ಕೊಂಡ್ರೆ ಪಕ್ಕೆಲುಬುಗಳ ನಡುವೆ ಜೆಲ್ ಹಚ್ಚಿ ಪ್ರೋಬ್ ಇಡ್ತಾರೆ, ಬೆರಳಲ್ಲಿ ಚಿಟಿಕೆ ಹೊಡೆದ ಹಾಗೆ ಒಂದೊಂದೇ ತಟ್ಟು. ಆ ಕಂಪನ ಲಿವರ್ ಒಳಗೆ ಎಷ್ಟು ಬೇಗ ಹೋಗತ್ತೆ ಅಂತ ಮೆಷಿನ್ ಅಳೆಯತ್ತೆ, ಗಟ್ಟಿಯಾಗಿದ್ದಷ್ಟೂ ಬೇಗ. ಹತ್ತು ಸರಿಯಾದ ಅಳತೆ ತಗೊಂಡು ಮಧ್ಯದ ಸಂಖ್ಯೆನ ಕಿಲೋಪಾಸ್ಕಲ್ ಲೆಕ್ಕದಲ್ಲಿ ಕೊಡ್ತಾರೆ. ನೋವಿಲ್ಲ, ಹತ್ತು ನಿಮಿಷದಲ್ಲಿ ಮುಗಿಯತ್ತೆ.

ಇಟಲಿಯ ಬವೇನೋ ಅನ್ನೋ ಊರಿನ ಹೆಸರಲ್ಲಿ 1990ರಿಂದ ಪೋರ್ಟಲ್ ಒತ್ತಡದ ತಜ್ಞರು ಸೇರಿ ನಿಯಮ ಮಾಡ್ತಾ ಬಂದಿದಾರೆ. 2015ರ ಆರನೇ ಸಭೆಲಿ ಹೇಳಿದ್ದು ಇಷ್ಟು: ಲಿವರ್ 20 ಕಿಲೋಪಾಸ್ಕಲ್‌ಗಿಂತ ಕಮ್ಮಿ, ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಜಾಸ್ತಿ, ಎರಡೂ ಒಟ್ಟಿಗೆ ಇದ್ರೆ ಎಂಡೋಸ್ಕೋಪಿ ಸದ್ಯಕ್ಕೆ ಬೇಡ. ಇಂಥೋರಲ್ಲಿ ಅಪಾಯದ ವೇರಿಸಸ್ ತಪ್ಪಿಹೋಗೋದು ನೂರಕ್ಕೆ 5ಕ್ಕಿಂತ ಕಮ್ಮಿ. ತುಂಬಾ ಎಚ್ಚರಿಕೆಯ ನಿಯಮ, ಅದ್ಕೆ ಇದರಿಂದ ಎಂಡೋಸ್ಕೋಪಿ ತಪ್ಪೋದು ನೂರರಲ್ಲಿ ಸುಮಾರು 20 ಜನಕ್ಕೆ. 2017ರಲ್ಲಿ ಇದನ್ನ ಸ್ವಲ್ಪ ಸಡಿಲ ಮಾಡಿ 25 ಕಿಲೋಪಾಸ್ಕಲ್, 1.1 ಲಕ್ಷ ಅಂತ ಮಾಡಿದ್ರು, ಆಗ ಸುಮಾರು 40 ಜನಕ್ಕೆ ತಪ್ಪತ್ತೆ. ಯಾವ್ದು ಒಳ್ಳೇದು ಅಂದ್ರೆ, ವರ್ಷ ವರ್ಷ ತಪ್ಪದೇ ಬಂದು ತೋರಿಸ್ಕೊಳ್ಳೋರಿಗೆ, ಕುಡಿತ ಬಿಟ್ಟೋರಿಗೆ, ಹೆಪಟೈಟಿಸ್‌ಗೆ ಔಷಧಿ ಸರಿಯಾಗಿ ತಗೊಳ್ತಿರೋರಿಗೆ ಸಡಿಲದ ನಿಯಮ ಪರವಾಗಿಲ್ಲ ಅನ್ಸತ್ತೆ. ಅಡಿಕೆ ಕೊಯ್ಲು ಮುಗೀಲಿ, ಮದುವೆ ಮುಗೀಲಿ ಅಂತ ಎರಡು ವರ್ಷ ನಾಪತ್ತೆ ಆಗೋರಿಗೆ ಬಿಗಿ ನಿಯಮವೇ ಇರ್ಲಿ.

ಫೈಬ್ರೋಸ್ಕ್ಯಾನ್ ಮಾಡ್ಸೋಕೆ ಮೂರು ಗಂಟೆ ಮುಂಚೆಯಿಂದ ಏನೂ ತಿನ್ಬಾರ್ದು, ಊಟ ಆದ್ಮೇಲೆ ಲಿವರ್‌ಗೆ ರಕ್ತ ಜಾಸ್ತಿ ಹರಿದು ನಂಬರ್ ಏರತ್ತೆ. ಬಸ್ ಸ್ಟ್ಯಾಂಡಲ್ಲಿ ದೋಸೆ ತಿಂದು ಸೀದಾ ಹೋಗ್ಬೇಡಿ. ಕಾಮಾಲೆ ಇದ್ದಾಗ, ಎಸ್‌ಜಿಪಿಟಿ ಅನ್ನೋ ಲಿವರ್ ಎಂಜೈಮ್ ತುಂಬಾ ಏರಿದ್ದಾಗ, ಹಾರ್ಟ್ ತೊಂದರೆಯಿಂದ ಲಿವರ್‌ಲಿ ರಕ್ತ ನಿಂತಾಗ, ಇನ್ನೂ ಕುಡೀತಿರೋವಾಗ ಮಾಡ್ಸಿದ್ರೂ ಸುಳ್ಳು ಏರಿಕೆ. ದಪ್ಪ ಮೈಯೋರಿಗೆ ದೊಡ್ಡ ಪ್ರೋಬ್ ಬೇರೆ ಇರತ್ತೆ, ಅದರಲ್ಲೇ ಮಾಡ್ಬೇಕು. ರಿಪೋರ್ಟಲ್ಲಿ ಐಕ್ಯೂಆರ್ ಅಂತ ಒಂದು ಶೇಕಡಾ ಸಂಖ್ಯೆ ಇರತ್ತೆ, ಅದು 30ರ ಒಳಗಿದ್ರೆ ಅಳತೆಗಳು ಒಂದಕ್ಕೊಂದು ಹೊಂದಿವೆ ಅಂತ, ಮೇಲಿದ್ರೆ ಆ ರಿಪೋರ್ಟ್ ಮೇಲೆ ಭಾರ ಹಾಕ್ಬೇಡಿ.

ಗುಲ್ಮದ ಗಟ್ಟಿತನವನ್ನೂ ಇದೇ ರೀತಿ ಅಳೆಯೋ ಮೆಷಿನ್ ಈಗ ಬಂದಿದೆ, 40 ಕಿಲೋಪಾಸ್ಕಲ್ ಅಥವಾ ಅದ್ರ ಕೆಳಗಿದ್ರೆ ಅಪಾಯದ ವೇರಿಸಸ್ ಇರೋ ಸಾಧ್ಯತೆ ಕಮ್ಮಿ. ಲಿವರ್ ನಂಬರ್ ಮಧ್ಯದಲ್ಲಿ ಸಿಕ್ಕಾಕ್ಕೊಂಡೋರಿಗೆ ಬಹಳ ಉಪಯೋಗ. ಎಲ್ಲ ಮೆಷಿನ್‌ನಲ್ಲೂ ಆಗಲ್ಲ, ಮೊದಲೇ ಫೋನ್ ಮಾಡಿ ಕೇಳಿ. ಸಿಟಿ ಸ್ಕ್ಯಾನಲ್ಲಿ ದೊಡ್ಡ ವೇರಿಸಸ್ ಕಾಣತ್ತೆ, ಬೇರೆ ಕಾರಣಕ್ಕೆ ಮಾಡ್ಸಿದ್ರೆ ರೇಡಿಯಾಲಜಿ ಡಾಕ್ಟರ್ ಹತ್ರ ಅದನ್ನೂ ನೋಡಿ ಅನ್ನಿ, ಇದಕ್ಕೇ ಅಂತ ಮಾಡ್ಸೋದು ಬೇಡ, ರೇಡಿಯೇಶನ್ನು, ಕಿಡ್ನಿಗೆ ಡೈ ಬೇರೆ. ಕ್ಯಾಪ್ಸೂಲ್ ಕ್ಯಾಮೆರಾ ನುಂಗೋದು ದುಬಾರಿ, ಎಂಡೋಸ್ಕೋಪಿಯಷ್ಟು ಖಚಿತವೂ ಅಲ್ಲ.

ಮೂರು ರಿಪೋರ್ಟ್ ಇಟ್ಕೊಂಡು ನೋಡೋಣ

ಇವು ಅರ್ಥ ಆಗ್ಲಿ ಅಂತ ನಾನೇ ಹಾಕಿದ ಸಂಖ್ಯೆಗಳು. ಮೊದಲನೇದು, 17 ಕಿಲೋಪಾಸ್ಕಲ್, ಪ್ಲೇಟ್‌ಲೆಟ್ 1.72 ಲಕ್ಷ, ಗುಲ್ಮ 11 ಸೆಂಟಿಮೀಟರ್. ಗುಲ್ಮದ ಲೆಕ್ಕ ಸುಮಾರು 1,564. ಎಲ್ಲ ಒಂದೇ ಮಾತು ಹೇಳ್ತಿವೆ, ಎಂಡೋಸ್ಕೋಪಿ ಬಿಡಬಹುದು, ಮುಂದಿನ ವರ್ಷ ಇದೇ ಎರಡು ಟೆಸ್ಟ್.

ಎರಡನೇದು, 23 ಕಿಲೋಪಾಸ್ಕಲ್, 1.25 ಲಕ್ಷ, ಗುಲ್ಮ 12.8. ಬಿಗಿ ನಿಯಮದಲ್ಲಿ ಪಾಸಾಗಲ್ಲ, ಸಡಿಲದ್ದರಲ್ಲಿ ಪಾಸ್, ಗುಲ್ಮದ ಲೆಕ್ಕ 977, ಅದೂ ಪಾಸ್ ಆದ್ರೆ ಅಂಚಲ್ಲಿ. ಇಲ್ಲಿ ಒಬ್ಬ ಡಾಕ್ಟರು ಬಿಡಿ ಅಂತಾರೆ, ಇನ್ನೊಬ್ರು ಮಾಡ್ಸಿ ಅಂತಾರೆ, ಇಬ್ಬರೂ ತಪ್ಪಲ್ಲ. ಮನೆ ಆಸ್ಪತ್ರೆಯಿಂದ ದೂರ ಇದ್ರೆ ನಾನಾದ್ರೆ ಒಂದ್ಸಲ ಮಾಡ್ಸಿ ನಿಶ್ಚಿಂತೆ ಆಗಿ ಅಂತೀನಿ.

ಮೂರನೇದು, 38 ಕಿಲೋಪಾಸ್ಕಲ್, 82,000. ಇವ್ರಿಗೆ ಒತ್ತಡ ಏರಿದೆ ಅನ್ನೋದ್ರಲ್ಲಿ ಅನುಮಾನವೇ ಬೇಡ. ಇಲ್ಲಿ ಪ್ರಶ್ನೆಯೇ ಬದಲಾಗತ್ತೆ.

ಮಾತ್ರೆ ಹೆಂಗೂ ಶುರು ಮಾಡ್ತಾರೆ ಅಂದ್ರೆ

2021ರ ಏಳನೇ ಬವೇನೋ ಸಭೆಲಿ ಬಂದ ದೊಡ್ಡ ಬದಲಾವಣೆ ಇದು. ಲಿವರ್ 15 ಕಿಲೋಪಾಸ್ಕಲ್ ಅಥವಾ ಕಮ್ಮಿ, ಪ್ಲೇಟ್‌ಲೆಟ್ ಒಂದೂವರೆ ಲಕ್ಷ ಅಥವಾ ಜಾಸ್ತಿ ಇದ್ರೆ ಅಪಾಯದ ಒತ್ತಡ ಇಲ್ಲ ಅಂತ ಲೆಕ್ಕ. ಕುಡಿತದಿಂದ, ಹೆಪಟೈಟಿಸ್ ಬಿ ಅಥವಾ ಸಿ ಯಿಂದ ಬಂದ ಸಿರೋಸಿಸಲ್ಲಿ 25 ಅಥವಾ ಮೇಲಿದ್ರೆ ಇದೆ ಅಂತಲೇ ಲೆಕ್ಕ. ದಪ್ಪ ಮೈ ಇದ್ದು ಫ್ಯಾಟಿ ಲಿವರ್‌ನಿಂದ ಬಂದೋರಿಗೆ ಮಾತ್ರ ಈ 25ರ ಮಾತು ಅಷ್ಟು ಗಟ್ಟಿ ಅಲ್ಲ. ಒತ್ತಡ ಇದೆ ಅಂತ ಆದ್ರೆ ಕಾರ್ವೆಡಿಲೋಲ್ ಥರದ ಮಾತ್ರೆ ಶುರು ಮಾಡ್ತಾರೆ, ಅದು ಒತ್ತಡ ಇಳಿಸತ್ತೆ. ವೇರಿಸಸ್ ಒಡೆಯೋದನ್ನ ತಡೆಯೋದಷ್ಟೇ ಅಲ್ಲ, ಹೊಟ್ಟೆಲಿ ನೀರು ತುಂಬೋದನ್ನೂ ಕಮ್ಮಿ ಮಾಡತ್ತೆ ಅಂತ 2019ರಲ್ಲಿ ಬಂದ ಸ್ಪೇನ್‌ನ ಅಧ್ಯಯನದಲ್ಲಿ ಗೊತ್ತಾಯ್ತು. ಆ ಮಾತ್ರೆ ತಗೊಳ್ಳೋರಿಗೆ ವೇರಿಸಸ್ ಇದೆಯಾ ಅಂತ ನೋಡೋಕೆ ಎಂಡೋಸ್ಕೋಪಿ ಬೇಕಾಗೇ ಇಲ್ಲ, ಯಾಕಂದ್ರೆ ಇದ್ರೂ ಅದೇ ಮಾತ್ರೆ, ಇಲ್ದಿದ್ರೂ ಅದೇ. ಹಾಗಾಗಿ ಮೂರನೇ ರಿಪೋರ್ಟಿನೋರು ಡಾಕ್ಟರ್ ಹತ್ರ ಕೇಳ್ಬೇಕಾದ್ದು, ನನಗೆ ಈ ಮಾತ್ರೆ ಆಗತ್ತಾ ಅಂತ.

ಎಲ್ಲರಿಗೂ ಆಗಲ್ಲ. ಅಸ್ತಮಾ ಇರೋರಿಗೆ, ಹಾರ್ಟ್ ಬಡಿತ ಮೊದಲೇ ನಿಧಾನ ಇರೋರಿಗೆ, ಮೇಲಿನ ಬಿಪಿ 90ರ ಹತ್ರ ಇರೋರಿಗೆ ಕೊಡಲ್ಲ. ಸಾಮಾನ್ಯವಾಗಿ ದಿನಕ್ಕೆ 6.25 ಮಿಲಿಗ್ರಾಂ ಶುರು ಮಾಡಿ 12.5ಕ್ಕೆ ಏರಿಸ್ತಾರೆ, ಅದು ಡಾಕ್ಟರ್ ಕೆಲಸ, ಮೆಡಿಕಲ್ ಶಾಪಲ್ಲಿ ನೀವೇ ಕೇಳಿ ತಗೊಳ್ಳೋದಲ್ಲ. ಶುರು ಮಾಡಿದ್ಮೇಲೆ ತಲೆ ಸುತ್ತಿತು ಅಂತ ತಟ್ಟನೆ ನಿಲ್ಲಿಸೋದೂ ತಪ್ಪು. ಮಾತ್ರೆ ಆಗದೇ ಇರೋರಿಗೆ ಎಂಡೋಸ್ಕೋಪಿ, ದಪ್ಪ ವೇರಿಸಸ್ ಕಂಡ್ರೆ ಆ ನಾಳಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಸ್ಕೊಳ್ಳೋದು.

ನಮ್ಮ ಊರಿಂದ ನೋಡಿದ್ರೆ

ಫೈಬ್ರೋಸ್ಕ್ಯಾನ್ ಮಾಡ್ಸೋಕೆ ಅಂತಲೇ ಬೆಂಗಳೂರಿಗೆ ಹೋಗ್ತೀವಿ, ಎಂಡೋಸ್ಕೋಪಿ ಬೇಡ ಅನ್ನೋರು ಸಿಗ್ತಾರೆ. ಇದು ನನಗೆ ಸರಿ ಕಾಣಲ್ಲ ಮಾರಾಯ್ರೆ. ಎಂಡೋಸ್ಕೋಪಿ ಶಿವಮೊಗ್ಗದಲ್ಲೇ ಆಗತ್ತೆ. ಮುನ್ನೂರು ಕಿಲೋಮೀಟರ್ ಹೋಗಿ ಬಂದು, ಕೊನೆಗೆ ನಂಬರ್ ಮಧ್ಯದಲ್ಲಿ ಬಂದು ಮತ್ತೆ ಪೈಪೇ ಹಾಕ್ಸಿ ಅಂದ್ರೆ ಎರಡೂ ಖರ್ಚು. ಪ್ಲೇಟ್‌ಲೆಟ್ ಒಂದು ಲಕ್ಷದ ಕೆಳಗೆ ಖಾಯಂ ಇದ್ರೆ ಫೈಬ್ರೋಸ್ಕ್ಯಾನ್ ಎಷ್ಟೇ ಚೆನ್ನಾಗಿ ಬಂದ್ರೂ ಎರಡೂ ನಿಯಮದಲ್ಲಿ ಪಾಸಾಗಲ್ಲ, ಅಂಥೋರು ಎಂಡೋಸ್ಕೋಪಿ ತಪ್ಪಿಸ್ಕೊಳ್ಳೋಕೆ ಅಂತ ಅಷ್ಟು ದೂರ ಹೋಗಿ ದುಡ್ಡು ಹಾಕೋದೇ ಬೇಡ. ಪ್ಲೇಟ್‌ಲೆಟ್ ಒಂದೂವರೆ ಲಕ್ಷದ ಮೇಲಿದ್ದು ಮಣಿಪಾಲಕ್ಕೋ ಬೆಂಗಳೂರಿಗೋ ಹೆಂಗೂ ಹೋಗೋದಿದ್ರೆ ಆಗ ಮಾಡಿಸಿದ್ದು ಸಾರ್ಥಕ. ಬಿಪಿಎಲ್ ಕಾರ್ಡ್ ಇರೋರು ಸರ್ಕಾರಿ ಆಸ್ಪತ್ರೆಲಿ ಆರೋಗ್ಯ ಮಿತ್ರ ಕೌಂಟರಲ್ಲಿ ಬ್ಯಾಂಡಿಂಗ್‌ಗೆ ಯೋಜನೆಲಿ ಏನು ಸಿಗತ್ತೆ ಅಂತ ಮೊದಲೇ ಕೇಳ್ಕೊಳ್ಳಿ.

ಪೈಪಿನ ಹೆದರಿಕೆ ಬಗ್ಗೆ ಒಂದು ಮಾತು. ಆರೆಂಟು ಗಂಟೆ ಖಾಲಿ ಹೊಟ್ಟೆ, ಗಂಟಲಿಗೆ ಮರಗಟ್ಟೋ ಸ್ಪ್ರೇ, ಎಡ ಮಗ್ಗುಲಿಗೆ ಮಲಗಿಸಿ ಹಲ್ಲುಗಳ ನಡುವೆ ಒಂದು ಪ್ಲಾಸ್ಟಿಕ್ ಬಳೆ, ನೋಡೋದು ಐದಾರು ನಿಮಿಷ. ಉಸಿರಾಟಕ್ಕೆ ಅಡ್ಡಿ ಇಲ್ಲ, ವಾಕರಿಕೆ ಬರತ್ತೆ, ಬೇಕಾದ್ರೆ ಮಂಪರಿನ ಇಂಜೆಕ್ಷನ್ ಕೊಡ್ತಾರೆ, ಸಿರೋಸಿಸ್ ಇದೆ ಅಂತ ಮೊದಲೇ ಹೇಳಿ, ಡೋಸ್ ನೋಡಿ ಕೊಡ್ತಾರೆ. ಬೇರೆ ಯಾವ ಟೆಸ್ಟಿಗೂ ಇಲ್ಲದ ಒಂದು ಅನುಕೂಲ ಇದಕ್ಕಿದೆ, ದಪ್ಪ ನಾಳ, ಅದ್ರ ಮೇಲೆ ಕೆಂಪು ಗೆರೆ ಕಂಡ್ರೆ ಅದೇ ಪೈಪಲ್ಲಿ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಬಹುದು.

ಒಂದ್ಸಲ ಮಾಡಿಸಿದ್ರೆ ಮುಗೀತು ಅಂತಲ್ಲ. ಟೆಸ್ಟಲ್ಲಿ ಪಾಸಾಗಿ ಎಂಡೋಸ್ಕೋಪಿ ಬಿಟ್ಟೋರು ವರ್ಷಕ್ಕೊಮ್ಮೆ ಫೈಬ್ರೋಸ್ಕ್ಯಾನ್, ಪ್ಲೇಟ್‌ಲೆಟ್ ಎರಡೂ ಮಾಡಿಸ್ಬೇಕು, ಬಿಗಿ ನಿಯಮದಲ್ಲಿ ಪಾಸಾದೋರು 20 ದಾಟಿದ್ರೆ ಅಥವಾ ಒಂದೂವರೆ ಲಕ್ಷದ ಕೆಳಗೆ ಬಂದ್ರೆ ಎಂಡೋಸ್ಕೋಪಿಗೆ ಹೋಗೋದು. ಎಂಡೋಸ್ಕೋಪಿಲಿ ವೇರಿಸಸ್ ಇಲ್ಲ ಅಂತ ಬಂದೋರು, ಕಾರಣ ನಿಂತಿದ್ರೆ, ಅಂದ್ರೆ ಕುಡಿತ ಬಿಟ್ಟು ವೈರಸ್ ಹತೋಟಿಗೆ ಬಂದಿದ್ರೆ ಮೂರು ವರ್ಷಕ್ಕೆ, ಕಾರಣ ಇನ್ನೂ ಮುಂದುವರೀತಿದ್ರೆ ಎರಡು ವರ್ಷಕ್ಕೆ ಮತ್ತೆ ನೋಡಿಸ್ಬೇಕು. ಸಣ್ಣ ವೇರಿಸಸ್ ಇದ್ದೋರಿಗೆ ಅದೇ ಲೆಕ್ಕದಲ್ಲಿ ಎರಡು, ಒಂದು ವರ್ಷ. ರಿಪೋರ್ಟುಗಳನ್ನೆಲ್ಲ ತಾರೀಕಿನ ಪ್ರಕಾರ ಒಂದೇ ಫೈಲಲ್ಲಿ ಹಾಕಿಡಿ, ಜ್ವರ ಇದ್ದಾಗ ತೆಗೆದ ಸಿಬಿಸಿ ಮೇಲೆ ಪೆನ್ನಲ್ಲಿ ಜ್ವರ ಅಂತ ಬರೆದಿಡಿ, ಹೊಸ ಡಾಕ್ಟರ್ ಕೈಗೆ ಹೋದಾಗ ಅವರು ಅದನ್ನ ಬಿಟ್ಟು ಉಳಿದಿದ್ದನ್ನ ಓದ್ಕೊಳ್ತಾರೆ.